ಪದ್ಮಮ್ಮನವರು ಊಟ ಬಿಟ್ಟಾಗ

ಅಂಗಲ್ಲ ಕಣೇ ಪುಟ್ಟಿ, ನಿಮ್ಮ ಮಿಸ್ಸು ಹೇಳಿಕೊಟ್ಟಂಗೆ ಜೈನರು ಅಂದ್ರೆ ಅಹಿಂಸೆ, ಸಾಬ್ರು ಅಂದ್ರೆ ನಮಾಜು, ಕ್ರಿಶ್ಚಿಯನ್ನರು ಅಂದ್ರೆ ಪ್ರೀತಿ, ನಾವು ಅಂದ್ರೆ ಪುನರ್ಜನ್ಮ ಅಂತ ಒಂದೊಂದಕ್ಕೆ ಒಂದೊಂದು ಸಾಲು ಬರೆದು ಕೆಳಗೆ ಸ್ಕೇಲಲ್ಲಿ ಗೆರೆ ಎಳೆದ್ರೆ, ಯಾವ ಧರ್ಮದಲ್ಲಿ ಜೀವಕ್ಕೆ ಏನು ಬೆಲೆ ಅಂತ ಗೊತ್ತಾಗಿಬಿಡುತ್ತಾ? ಬರಿ, ಬೇಡ ಅನ್ನಲ್ಲ, ಮಾರ್ಕ್ಸು ಬೇಕಲ್ಲ. ಆದ್ರೆ ನಾನು, ನಿಮ್ಮ ಮಾವ, ಇದನ್ನ ಪುಸ್ತಕದಲ್ಲಿ ಓದಿದೋನಲ್ಲ, ಎದುರಿಗೆ ಕೂತು ನೋಡಿದೋನು. ಚೇತು, ಆ ಮೊಬೈಲ್ ಆಕಡೆ ಇಡು. ಮೆಟ್ಲ ಮೇಲೆ ಸರಿಯಾಗಿ ಕೂತ್ಕೊ, ಓಡಾಡೋರಿಗೆ ಜಾಗ ಬಿಡು.

ನಾನು ಕುಣಿಗಲ್ ಕಡೆಯಿಂದ ಬೆಂಗಳೂರಿಗೆ ಬಂದಾಗ ಹೆಂಗಿದ್ದೆ ಗೊತ್ತಾ, ನಿಮ್ಮಮ್ಮನ್ನ ಕೇಳಿ. ನಮ್ಮ ಹೋಬಳಿ ಕಬಡ್ಡಿಯಲ್ಲಿ ನನ್ನ ಹಿಡಿಯೋಕೆ ಇಬ್ರು ಸಾಲ್ತಿರಲಿಲ್ಲ. ಪೀಣ್ಯದಲ್ಲಿ ಆಗ ತುಮಕೂರು ರೋಡ್ ಪೂರ್ತಿ ಅಗೆದು ಫ್ಲೈಓವರ್ ಕಂಬ ನೆಡ್ತಿದ್ರು, ಧೂಳು ಅಂದ್ರೆ ಧೂಳು, ಬಿಳಿ ಶರ್ಟ್ ಹಾಕ್ಕೊಂಡು ಹೋದ್ರೆ ಮಧ್ಯಾಹ್ನಕ್ಕೆ ಖಾಕಿ ಆಗೋದು. ಎರಡನೇ ಹಂತದಲ್ಲಿ ಒಂದು ಸಣ್ಣ ಫ್ಯಾಕ್ಟರಿ, ಕೆಳಗೆ ಪ್ರೆಸ್ ಶಾಪು, ಮೇಲೆ ಓನರ್ ಮನೆ. ಪ್ರೆಸ್ಸು ಅಂದ್ರೆ ಪೇಪರ್ ಅಚ್ಚು ಹಾಕೋದಲ್ಲ ಮತ್ತೆ, ತಗಡು ಇಟ್ಟು ಪೆಡಲ್ ತುಳಿದ್ರೆ ಮೇಲಿಂದ ಕಬ್ಬಿಣ ಬಂದು ಧಡ್ ಅಂತ ಗುದ್ದುತ್ತೆ, ತಗಡು ಬೇಕಾದ ಆಕಾರಕ್ಕೆ ಆಗಿ ಈಚೆ ಬೀಳುತ್ತೆ. ಮಧ್ಯೆ ಬೆರಳಿದ್ರೆ ಬೆರಳೂ ಅಷ್ಟೇ. ನಾನು ಹೆಲ್ಪರ್. ಸೇರಿದ ದಿನವೇ ಹೇಳ್ದೆ, ಹೆಲ್ಪರ್ ಅಂತ ಕರೀಬೇಡಿ, ಹೆಸರು ಇಟ್ಟವ್ರೆ, ನಂಜೇಶ ಅಂತ. ಅಷ್ಟು ಧಿಮಾಕು.

ನಾನು ಸೇರಿ ಸ್ವಲ್ಪ ದಿನಕ್ಕೇ ಆರ್ಡರ್ ಎಲ್ಲ ನಿಂತೋಯ್ತು. ಎಲ್ಲಾ ಕಡೆ ಅಂಗೇ ಆಗಿತ್ತು ಆಗ, ಅಮೆರಿಕದಲ್ಲಿ ಏನೋ ಬಿತ್ತಂತೆ, ಪೀಣ್ಯದಲ್ಲಿ ನಮ್ಮ ಹೊಟ್ಟೆ ಮೇಲೆ ಬಂತು. ಸಂಬಳ ಇವತ್ತು ನಾಳೆ ಅಂತ ತಳ್ತಾ ಹೋದ್ರು. ಊರಿಗೆ ವಾಪಸ್ ಹೋಗೋಕೆ ಆಗುತ್ತಾ, ಕಬಡ್ಡಿ ನಂಜೇಶ ಸೋತು ಬಂದ ಅಂತಾರೆ. ಮಧ್ಯಾಹ್ನ ಎಲ್ರೂ ಡಬ್ಬಿ ಬಿಚ್ಚೋ ಹೊತ್ತಿಗೆ ನಾನು ಈಚೆ ಹೋಗಿ ನಲ್ಲೀಲಿ ಹೊಟ್ಟೆ ತುಂಬ ನೀರು ಕುಡಿದು, ಒಂದು ಬೆಂಕಿಕಡ್ಡಿ ಮುರಿದು ಹಲ್ಲು ಕೆದಕ್ತಾ ವಾಪಸ್ ಬರ್ತಿದ್ದೆ, ಬಾಡೂಟ ಮುಗಿಸಿ ಬಂದೋನಂಗೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಒಬ್ರಿಗೇ, ಮೇಲಿನ ಬಾಲ್ಕನೀಲಿ ಕೂತು ಅಕ್ಕಿ ಆರಿಸ್ತಿದ್ದ ಪದ್ಮಮ್ಮನವರಿಗೆ. ಓನರ್ ಧರಣೇಂದ್ರ ಸಾರ್ ಅವರ ತಾಯಿ. ಜೈನರು, ನಮ್ಮ ತುಮಕೂರು ಕಡೆಯವರೇ.

"ಏ ಹುಡುಗಾ, ಬಾ ಇಲ್ಲಿ. ಗ್ಯಾಸ್ ಸಿಲಿಂಡರ್ ಬದಲಾಯಿಸಬೇಕು" ಅಂದ್ರು. ಹೋದೆ. ಎತ್ತಿ ಇಟ್ಟೆ, ಒಂದೇ ಕೈಯಲ್ಲಿ. ನೋಡ್ಲಿ ಅಂತ. "ಕೂತ್ಕೊ, ಒಂದು ಚಪಾತಿ ತಿನ್ನು" ಅಂದ್ರು. "ಊಟ ಆಯ್ತಮ್ಮ" ಅಂದೆ. "ಆಯ್ತು, ನೀರಿನ ಊಟ ನಾನೂ ನೋಡಿದೆ. ಈಗ ಇದನ್ನ ತಿನ್ನು" ಅಂದ್ರು. ಅಲ್ಲಿಂದ ಶುರುವಾಯ್ತು ನೋಡಿ. ದಿನಾ ಏನೋ ಒಂದು ನೆಪ. ಸಿಲಿಂಡರ್ ಇಲ್ಲಾಂದ್ರೆ ಅಕ್ಕಿ ಮೂಟೆ, ಮೂಟೆ ಇಲ್ಲಾಂದ್ರೆ ಅಟ್ಟದ ಮೇಲಿನ ಪಾತ್ರೆ. ಆ ಅಟ್ಟದ ಪಾತ್ರೆ ನಾನೇ ಇಳಿಸಿ ನಾನೇ ಹತ್ತಿಸಿದ್ದು ಎಷ್ಟು ಸಲವೋ. ಊಟ ಏನು ಅಂತೀರಾ, ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗೆಡ್ಡೆ ಇಲ್ಲ, ನೆಲದೊಳಗೆ ಬೆಳೆದಿದ್ದು ಏನೂ ಇಲ್ಲ. ಸೂರ್ಯ ಮುಳುಗೋಕೆ ಮುಂಚೆ ಒಲೆ ಆರಿಸಿಬಿಡೋರು. ನೀರನ್ನ ಬಟ್ಟೇಲಿ ಸೋಸಿ, ಆ ಬಟ್ಟೆ ಹಿಂಡೋದೂ ಮೆಲ್ಲಗೆ, ಅದರಲ್ಲಿ ಏನಾದ್ರೂ ಜೀವ ಇರುತ್ತೆ ಅಂತ. ನಂಗೆ ನಗು. "ಏನಮ್ಮ, ನಮ್ಮೂರ ಮಾರಮ್ಮನ ಅಬ್ಬದಲ್ಲಿ ನಾನೊಬ್ಬನೇ ಎಷ್ಟು ಕೋಳಿ ಕುಯ್ತೀನಿ ಗೊತ್ತಾ" ಅಂತ ಬೇಕಂತ್ಲೇ ಹೇಳೋನು. ಅವರು ಕಿವಿ ಮುಚ್ಕೊಳ್ಳೋರು. ಒಂದಿನ ಇರುವೆ ಸಾಲು ಬಂದಿತ್ತು ಅಡುಗೆ ಕಟ್ಟೆ ಮೇಲೆ, ನಾನು ಅಂಗೈಯಲ್ಲಿ ಸವರಿಬಿಟ್ಟೆ. ಅವರು ಅಂಗೇ ನಿಂತುಬಿಟ್ರು. "ಒಂದಿರುವೆ ಸತ್ರೆ ಏನಮ್ಮ ಆಗೋಯ್ತು" ಅಂದೆ. "ನಿನಗೇನೂ ಆಗಲಿಲ್ಲಪ್ಪ. ಇರುವೆಗೆ ಆಯ್ತು" ಅಂದ್ರು.

ಆಮೇಲೆ ಆರ್ಡರ್ ಬಂತು, ಸಂಬಳ ಬಂತು, ನಾನು ಆಪರೇಟರ್ ಆದೆ. ಸುಮ್ನೆ ಆಗಲಿಲ್ಲ, ಆ ಪ್ರೆಸ್ಸನ್ನ ನನ್ನಷ್ಟು ವೇಗವಾಗಿ ಓಡಿಸೋನು ಆ ರೋಡಲ್ಲೇ ಇರಲಿಲ್ಲ. ಅಷ್ಟರಲ್ಲಿ ಊರಲ್ಲಿ ನಿಮ್ಮ ತಾತ ಬಾಳೆಗೊನೆ ಇಳಿಸೋಕೆ ಹೋಗಿ ಕಾಲು ಮುರ್ಕೊಂಡ್ರು... ಬಾಳೆಗೊನೆ ಅಲ್ಲ, ಹಲಸಿನ ಮರ, ಬಾಳೆ ಅಂದ್ರೆ ಈಗಲೂ ಬೈತಾರೆ. ಅವರನ್ನ ನೋಡ್ಕೊಂಡು ನಾನು ಒಂದೆರಡು ತಿಂಗಳು ಊರಲ್ಲೇ ಉಳಿದುಬಿಟ್ಟೆ. ವಾಪಸ್ ಬಂದಾಗ ಫ್ಯಾಕ್ಟರಿ ಗೇಟಲ್ಲಿ ಕಾರು ನಿಂತಿದ್ವು, ಬಿಳೀ ಸೀರೆ ಉಟ್ಟ ಹೆಂಗಸರು ಮೆಟ್ಲು ಹತ್ತುತಾ ಇದ್ರು, ಮೇಲಿಂದ ಹಾಡು ಕೇಳ್ತಿತ್ತು. ಏನು ಪೂಜೆನಾ ಅಂದೆ. ಪ್ಯಾಕಿಂಗ್ ಮಾಡೋ ಫಿಲೋಮಿನಕ್ಕ ಹತ್ರ ಬಂದು ಮೆಲ್ಲಗೆ ಹೇಳಿದ್ಲು, "ಅಮ್ಮ ಊಟ ಬಿಟ್ಟವ್ರೆ ಕಣೋ. ಮೊದ್ಲು ಅನ್ನ ಚಪಾತಿ ಬಿಟ್ರು, ಆಮೇಲೆ ಹಾಲು. ಈಗ ಬರೀ ಕಾಯಿಸಿದ ನೀರು."

ನಮ್ಮ ಕಡೆ ಊಟ ಬಿಡೋದು ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ, ನೀವು ಬೆಂಗಳೂರು ಮಕ್ಕಳು. ಮುದುಕಿ ಊಟ ಬಿಟ್ಟಳು ಅಂದ್ರೆ ಸೊಸೆ ಏನೋ ಅಂದವ್ಳೆ ಅಂತ ಅರ್ಥ. ನಮ್ಮಜ್ಜಿ ತಿಂಗಳಿಗೊಂದ್ಸಲ ಬಿಡೋಳು. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಸಾಕು, ಗೋಡೆ ಕಡೆ ತಿರುಗಿ ಮಲಗೋಳು. ಆಗ ಬೀದಿಯೋರು ಯಾರಾದ್ರೂ ಬರಬೇಕು, ಸೊಸೆಗೆ ನಾಕು ಮಾತು ಜೋರಾಗಿ ಬೈಬೇಕು, ಅಜ್ಜಿಗೆ ಕೇಳಂಗೆ. ಸೊಸೆ ಸುಮ್ಮನೆ ಬೈಸ್ಕೊಬೇಕು. ಆಮೇಲೆ ಅಜ್ಜಿ ಎದ್ದು ಕೂತು ಮುದ್ದೆ ಮುರಿಯೋಳು. ಅದು ನಮ್ಮ ಪದ್ಧತಿ, ಅದರಲ್ಲಿ ಯಾರಿಗೂ ಬೇಜಾರಿಲ್ಲ. ನಾನು ಅದೇ ಅಂದ್ಕೊಂಡೆ ಕಣ್ರೋ. ಪದ್ಮಮ್ಮನ ಅನ್ನ ತಿಂದೋನು ನಾನು, ಬೀದಿಯೋರ ಪರವಾಗಿ ನಾನೇ ಹೋಗಬೇಕು ತಾನೆ. ಧಡಧಡ ಮೆಟ್ಲು ಹತ್ತಿ ಸೀದಾ ಅಡುಗೆಮನೆಗೆ ನುಗ್ಗಿದೆ. ಸೊಸೆ ಸುಜಾತಕ್ಕ ನೀರು ಕಾಯಿಸ್ತಾ ಇದ್ರು. ಶುರು ಹಚ್ಕೊಂಡೆ. "ಏನಕ್ಕ ಇದು, ಇರುವೆಗೂ ದಾರಿ ಬಿಡೋ ಮನೇಲಿ ವಯಸ್ಸಾದ ಅತ್ತೆಗೆ ಅನ್ನ ಇಲ್ವಾ? ಏನಂದ್ರಿ ಅವರಿಗೆ? ಊರೋರೆಲ್ಲ ಬಂದು ಹಾಡು ಹೇಳ್ತಾವ್ರೆ, ನಾಚಿಕೆ ಆಗಲ್ವಾ? ಒಂದು ತಟ್ಟೆ ಹಿಡ್ಕೊಂಡು ಹೋಗಿ ತಪ್ಪಾಯ್ತು ಅನ್ನೋಕೆ ಏನು ಕಷ್ಟ ನಿಮಗೆ?" ಅಂತ. ಹಾಲ್‌ನಲ್ಲಿ ಹಾಡು ನಿಂತೋಯ್ತು.

ಬೈದೆ ಅಂತ ಸಾರ್‌ನ ಕರೀತಾರೆ, ಕೆಲಸ ಹೋಯ್ತು ಅಂದ್ಕೊಂಡೆ. ಸುಜಾತಕ್ಕ ಒಲೆ ಆರಿಸಿದ್ರು. ಸೆರಗಲ್ಲಿ ಬಾಯಿ ಮುಚ್ಕೊಂಡು ಅಳೋಕೆ ಶುರು ಮಾಡಿದ್ರು. "ನೀನೊಬ್ಬನಾದ್ರೂ ಬೈದೆಯಲ್ಲ ನಂಜೇಶ" ಅಂದ್ರು. ನಂಗೆ ತಲೆ ಬುಡ ಗೊತ್ತಾಗಲಿಲ್ಲ. "ಅವರಿಗೆ ಹೊಟ್ಟೇಲಿ ಗಡ್ಡೆ. ದೊಡ್ಡ ಡಾಕ್ಟರೇ ಇನ್ನೇನೂ ಮಾಡೋಕಾಗಲ್ಲ ಅಂದುಬಿಟ್ರು. ಅತ್ತೆ ಮುನಿಗಳ ಹತ್ರ ಅಪ್ಪಣೆ ಕೇಳಿ ಸಲ್ಲೇಖನ ತಗೊಂಡ್ರು. ನಮ್ಮಲ್ಲಿ ಅದು ದೊಡ್ಡ ವ್ರತ, ಒಂದೊಂದೇ ಬಿಟ್ಟು, ಯಾರ ಮೇಲೂ ಕೋಪ ಇಲ್ದೆ ಹೋಗೋದು. ಬಂದೋರೆಲ್ಲ ಪುಣ್ಯವಂತೆ ಅಂತ ಕೈ ಮುಗೀತಾರೆ. ನಾನೂ ಮುಗೀತೀನಿ. ಆದ್ರೆ ಇಷ್ಟು ವರ್ಷ ಬಡಿಸಿದ ಕೈ ಇದು, ನಂಗೆ ಈ ವ್ರತ ಬೇಡ ಅನ್ನೋಕೆ ಬಾಯಿಲ್ಲ. ನೀನು ಹೊರಗಿನವನು, ಒಂದು ತುತ್ತು ತಿನ್ನಿ ಅಂತ ನೀನು ಹೋಗಿ ಕೇಳು" ಅಂದ್ರು.

ನಾನು ಸಾವು ನೋಡದೆ ಇರೋನಲ್ಲ. ಲಾರಿ ಕೆಳಗೆ ಬಿದ್ದೋರನ್ನ ಎತ್ತಿದೋನು ನಾನು. ಆದ್ರೆ ಕೂತ್ಕೊಂಡು, ನಗ್ತಾ, ಬಂದೋರನ್ನ ಮಾತಾಡಿಸ್ತಾ, ಗೊತ್ತಿದ್ದೂ ಗೊತ್ತಿದ್ದೂ ಹೋಗೋದು ಅಂದ್ರೆ? ಅದೂ ನೀರು ಸೋಸಿದ ಬಟ್ಟೇನೂ ಮೆಲ್ಲಗೆ ಹಿಂಡೋ ಮನುಷ್ಯರು? ಕೆಳಗೆ ಬಂದು ಊಟದ ಹೊತ್ತಲ್ಲಿ ಹೇಳಿದ್ರೆ ಫಿಲೋಮಿನಕ್ಕ ಶಿಲುಬೆ ಗುರುತು ಹಾಕ್ಕೊಂಡ್ಲು. "ದೇವ್ರು ಊದಿದ ಉಸಿರಪ್ಪ ಇದು. ಆತನೇ ಎಳ್ಕೊಬೇಕು. ನಮ್ಮ ಫಾದರ್ ಕೇಳಿದ್ರೆ ಒಪ್ಪಲ್ಲ" ಅಂದ್ಲು. ನನ್ನ ಪಕ್ಕದ ಪ್ರೆಸ್ ಓಡಿಸೋ ರಹಮತ್ ಭಾಯಿ ಗಡ್ಡ ಸವರ್ಕೊಂಡು, "ಅಮಾನತ್ತು ಮಗಾ. ಜೀವ ಅಂದ್ರೆ ಅಲ್ಲಾ ನಮ್ಮ ಹತ್ರ ಜೋಪಾನ ಮಾಡೋಕೆ ಕೊಟ್ಟಿರೋದು. ಇಟ್ಟೋನು ಕೇಳೋ ಮುಂಚೆ ನಾವಾಗೇ ತಗೊಂಡೋಗಿ ಕೊಡೋಂಗಿಲ್ಲ" ಅಂದ. "ಮತ್ತೆ ರಂಜಾನಲ್ಲಿ ನೀನೂ ಊಟ ಬಿಡ್ತೀಯಲ್ಲ" ಅಂತ ಕೆಣಕಿದೆ. "ಅರೇ, ನಾನು ಸಂಜೆ ತಿಂತೀನೋ. ಸಂಜೆ ಬರೋದೇ ತಿನ್ನೋಕೆ ಅಂತ ಕಾಯ್ತೀನಿ. ಅಮ್ಮಂಗೆ ಸಂಜೆನೇ ಬೇಡ ಆಗೈತೆ" ಅಂದ. "ನಿಮ್ಮೋರು ಏನಂತಾರೆ" ಅಂತ ಫಿಲೋಮಿನಕ್ಕ ನನ್ನ ಕೇಳಿದ್ಲು. ನಮ್ಮೋರು ಏನಂತಾರೆ? ಈ ಬಟ್ಟೆ ಬಿಟ್ಟು ಇನ್ನೊಂದು ಬಟ್ಟೆ ಅಂತಾರೆ, ಸತ್ತೋರ ಮನೇಲಿ ಕೂತು ಹೇಳ್ತಾರೆ. ಬದುಕಿರೋರ ಎದುರಿಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. "ನಮ್ಮೋರು ಉಣ್ಣಿಸ್ತಾರೆ" ಅಂದೆ. ಉಣ್ಣಿಸ್ತೀನಿ ಅಂತ ಅಲ್ಲೇ ಚಾಲೆಂಜ್ ಮಾಡ್ದೆ.

ಸಂಜೆ ಮೇಲೆ ಹೋದೆ. ಅಮ್ಮ ಗೋಡೆಗೆ ಒರಗಿ ಚಾಪೆ ಮೇಲೆ ಕೂತಿದ್ರು, ಇಷ್ಟೇ ಇಷ್ಟು ಆಗಿಬಿಟ್ಟಿದ್ರು, ಕಣ್ಣು ಮಾತ್ರ ಅದೇ. "ಬಂದ್ಯಾ, ಅಪ್ಪನ ಕಾಲು ಹೆಂಗಿದೆ" ಅಂತ ಕೇಳಿದ್ರು. ಸಾಯೋಕೆ ಕೂತೋರು ನಮ್ಮಪ್ಪನ ಕಾಲು ಕೇಳ್ತಾರೆ ನೋಡಿ. ನಾನು ಹೇಳ್ದೆ, "ಅಮ್ಮ, ನೀವು ಒಂದು ತುತ್ತು ತಿನ್ನೋವರೆಗೂ ನಾನೂ ತಿನ್ನಲ್ಲ. ಕುಣಿಗಲ್ ಕಡೆಯೋನು, ಮಾತು ಅಂದ್ರೆ ಮಾತು." ಅವರು ಕಣ್ಣು ಮುಚ್ಕೊಂಡ್ರು.

ಬಿಟ್ಟೆ ಊಟ. ಹಸಿವು ನಂಗೇನು ಹೊಸದಾ ಅಂತ ಜಂಬ. ಮೊದಲನೇ ದಿನ ಏನೂ ಆಗಲಿಲ್ಲ, ಎಂದಿನಂಗೇ ಪ್ರೆಸ್ ಓಡಿಸ್ದೆ, ಬೇರೆಯೋರಿಗಿಂತ ಜಾಸ್ತಿನೇ ಪೀಸ್ ತೆಗೆದೆ. ಮಾರನೇ ದಿನ ಮಧ್ಯಾಹ್ನ ಕಣ್ಣ ಮುಂದೆ ತಗಡು ಎರಡೆರಡಾಗಿ ಕಾಣೋಕೆ ಶುರುವಾಯ್ತು. ಸಿಕ್ಕಿಕೊಂಡ ಪೀಸ್ ತೆಗೆಯೋಕೆ ಅಂತ ಕೈ ಒಳಗೆ ಹಾಕಿದೀನಿ, ಕಾಲು ಪೆಡಲ್ ಮೇಲೆ ಇಳೀತಿದೆ, ನಂಗೆ ಗೊತ್ತೇ ಆಗ್ತಿಲ್ಲ. ರಹಮತ್ ಭಾಯಿ ಹಿಂದಿಂದ ಕಾಲರ್ ಹಿಡಿದು ಎಳೆದ. ನಾನು ಅಂಗಾತ ಬಿದ್ದೆ, ಪ್ರೆಸ್ಸು ಖಾಲಿ ಗುದ್ದಿತು. ಆ ಸದ್ದು ಕೇಳಿ ಶಾಪ್ ಪೂರ್ತಿ ನಿಂತೋಯ್ತು. ರಹಮತ್ ಭಾಯಿ ನಂಗೆ ಬೈಲಿಲ್ಲ, ಕೆನ್ನೆಗೆ ಒಂದು ಬಿಟ್ಟ. ಆಮೇಲೆ ಅವನೇ ಪ್ರೆಸ್ ಆಫ್ ಮಾಡಿ ನನ್ನ ಪಕ್ಕ ನೆಲದ ಮೇಲೆ ಕೂತ. ನನ್ನ ಕೈ, ನೋಡಿ, ಇದೇ ಬಲಗೈ.

ಸುದ್ದಿ ಮೇಲೆ ಹೋಯ್ತು. ನನ್ನನ್ನ ಕರೆಸಿದ್ರು. ಪದ್ಮಮ್ಮನವರಿಗೆ ಸಿಟ್ಟು ಬಂದಿದ್ದು ನಾನು ನೋಡಿದ್ದು ಅದೊಂದೇ ಸಲ. ದನಿ ಇಲ್ಲ, ಆದ್ರೂ ಸಿಟ್ಟು. "ನಿನ್ನ ಕೈ ಹೋಗಿದ್ರೆ ಆ ಹಿಂಸೆ ಯಾರದ್ದು? ನಂದು. ಇಷ್ಟೆಲ್ಲ ಬಿಟ್ಟು ಹಗುರ ಆಗೋಕೆ ಕೂತಿದೀನಿ, ನೀನು ಬಂದು ನನ್ನ ಕೊರಳಿಗೆ ಕಲ್ಲು ಕಟ್ತೀಯಾ?" ಅಂದ್ರು. "ನೀವೊಂದು ತುತ್ತು, ನಾನೊಂದು ತುತ್ತು" ಅಂತ ನಾನು ಹಠ. "ಲೋ, ನಿನಗೆ ಹಸಿವಿದೆ. ನನಗೆ ಹಸಿವು ಮುಗಿದಿದೆ. ಹಸಿವಿದ್ದೋನು ತಟ್ಟೆ ತಳ್ಳಿದ್ರೆ ಅದು ಜಗಳ. ಉಂಡಾದೋಳು ತಟ್ಟೆ ಬಿಟ್ಟು ಎದ್ದರೆ ಅದು ಜಗಳ ಅಲ್ಲಪ್ಪ. ಸುಜಾತಾ, ಇವನಿಗೆ ಬಡಿಸು. ನನ್ನ ಎದುರಿಗೇ" ಅಂದ್ರು.

ಸುಜಾತಕ್ಕ ಬಡಿಸಿದ್ರು. ಅನ್ನ, ಹೆಸರುಬೇಳೆ ತೊವ್ವೆ, ತುಪ್ಪ. ಏನು ಮಾಡ್ಲಿ, ಹೊಟ್ಟೆ ಮಾತು ಕೇಳುತ್ತಾ, ತಿಂದುಬಿಟ್ಟೆ. ಸಾಯೋರ ಎದುರಿಗೆ ಕೂತು ಗಬಗಬ ಅಂತ ತಿಂದೆ ಕಣ್ರೋ, ಅವರು ನೋಡ್ತಾ ಇದ್ರು, ಮಗು ಉಣ್ಣೋದನ್ನ ನೋಡಿದಂಗೆ. ಬಾಯಿ ತುಂಬ ಅನ್ನ ಇರೋವಾಗ ಅವರು ಎರಡೂ ಕೈ ಎತ್ತಿ ನನಗೆ ಮುಗಿದ್ರು. "ನೀನು ಕೋಳಿ ಕತೆ ಹೇಳ್ತಿದ್ದಾಗಲೆಲ್ಲ ಮನಸ್ಸಲ್ಲೇ ನಿನ್ನ ರಾಕ್ಷಸ ಅಂತ ಬೈದಿದೀನಿ. ಊಟಕ್ಕೆ ಬಂದಾಗ ಇವತ್ತೂ ಬಂದನಲ್ಲ ಅಂತ ಅನ್ನಿಸಿದ್ದೂ ಉಂಟು. ಕ್ಷಮಿಸಪ್ಪ" ಅಂದ್ರು. ಹೋಬಳಿ ಮೆರೆದೋನು ನಾನು, ಯಾರ ಮುಂದೂ ತಲೆ ತಗ್ಗಿಸಿದೋನಲ್ಲ, ಆದ್ರೆ ಆ ವಯಸ್ಸಿನೋರು, ಓನರ್ ತಾಯಿ, ಅನ್ನ ಹಾಕಿದ ಕೈ, ನಂಗೆ ಮುಗಿಯೋದು? ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. "ಅಂಗೆಲ್ಲ ಅನ್ನಬೇಡಿ ಅಮ್ಮ" ಅಂದೆ. ಅವರು ಕೈ ಇಳಿಸಲಿಲ್ಲ. ಸುಜಾತಕ್ಕ ಹೇಳಿದ್ರು, "ಕ್ಷಮಿಸಿದೆ ಅನ್ನು ನಂಜೇಶ. ಎಲ್ಲರ ಹತ್ರಾನೂ ಕೇಳ್ತಿದಾರೆ. ಯಾರ ಹತ್ರಾನೂ ಬಾಕಿ ಇರಬಾರದು, ಇದ್ರೆ ಅವರಿಗೆ ಸಮಾಧಾನವಾಗಿ ಹೋಗೋಕೆ ಆಗಲ್ಲ."

ಆಗ ಹೊಳೀತು ನೋಡಿ ನಂಗೆ. ನಾನು ಹೇಳದಿದ್ರೆ ಅವರು ಹೋಗೋಕಾಗಲ್ಲ. ಎಂಥಾ ಐಡಿಯಾ. "ಹೇಳಲ್ಲ" ಅಂದೆ. "ಕ್ಷಮಿಸಲ್ಲ. ನೀವು ನನ್ನ ರಾಕ್ಷಸ ಅಂದಿದ್ದು ತಪ್ಪು. ದೊಡ್ಡ ತಪ್ಪು. ನಂಗೆ ತುಂಬ ಬೇಜಾರಾಗಿದೆ." ಅಷ್ಟು ಹೇಳಿ ಕೈ ತೊಳೆದು ಕೆಳಗೆ ಬಂದುಬಿಟ್ಟೆ. ಗೆದ್ದೆ ಅನ್ನೋ ಥರ ಬಂದೆ. ಮಾರನೇ ದಿನವೂ ಹೋಗಲಿಲ್ಲ, ಅದರ ಮಾರನೇ ದಿನವೂ ಇಲ್ಲ. ಮೇಲಿಂದ ಇನ್ನೂ ಹಾಡು ಕೇಳ್ತಿದೆ ಅಂದ್ರೆ ಅಮ್ಮ ಇದಾರೆ ಅಂತ ಲೆಕ್ಕ ನಂಗೆ, ನಾನು ಬಾಯಿ ಮುಚ್ಕೊಂಡಿದ್ದಷ್ಟು ದಿನ ಅವರು ಇರ್ತಾರೆ. ಫಿಲೋಮಿನಕ್ಕನಿಗೆ ಹೇಳಿದ್ರೆ ಹೊಗಳ್ತಾಳೆ ಅಂದ್ಕೊಂಡ್ರೆ, ಅವಳು ಟೇಪ್ ರೋಲ್ ಕೆಳಗಿಟ್ಟು ನನ್ನೇ ನೋಡಿದ್ಲು. "ಅಮ್ಮ ಈಗ ನೀರೂ ಕಮ್ಮಿ ಮಾಡವ್ರೆ. ಮೈ ಮಗ್ಗುಲಾಗೋಕೆ ಆಗ್ತಿಲ್ಲ. ನೀನು ಬರ್ತೀಯ ಅಂತ ಬಾಗಿಲು ನೋಡ್ತಾರೆ. ನಮ್ಮಲ್ಲಿ ಸಾಯೋರು ಕ್ಷಮೆ ಕೇಳಿದ್ರೆ ಕೊಡದೆ ಇರೋಕೆ ಫಾದರಿಗೂ ಹಕ್ಕಿಲ್ಲ, ನೀನ್ಯಾವೂರ ದಾಸಯ್ಯ" ಅಂದ್ಲು. "ಉಸಿರು ದೇವ್ರದ್ದು, ಆತನೇ ಎಳ್ಕೊಬೇಕು ಅಂದೋಳು ನೀನೇ ತಾನೆ" ಅಂದೆ. ಅದಕ್ಕೆ ರಹಮತ್ ಭಾಯಿ ಉತ್ತರ ಕೊಟ್ಟ, ಪ್ರೆಸ್ ಆಫ್ ಮಾಡಿ ಬಂದು. "ಅಮಾನತ್ತು ಅಂತ ನಾನೂ ಅಂದೆ, ಈಗಲೂ ಅಂತೀನಿ. ಆದ್ರೆ ಆ ಜೀವ ನಿನ್ನ ಹತ್ರ ಇಟ್ಟಿದ್ದಲ್ಲ ಮಗಾ. ನೀನ್ಯಾಕೆ ಮುಷ್ಟಿ ಬಿಗಿ ಹಿಡ್ಕೊಂಡಿದೀಯ?"

ಹೋದೆ. ಬಿಸಿಲು ಇತ್ತು ಇನ್ನೂ. ಅಮ್ಮನ್ನ ಮಲಗಿಸಿದ್ರು, ಉಸಿರು ಎಲ್ಲೋ ದೂರದಲ್ಲಿ ಆಡ್ತಿತ್ತು. ಧರಣೇಂದ್ರ ಸಾರ್ ಕಾಲ ಹತ್ರ ಕೂತು ಮೆಲ್ಲಗೆ ಮಂತ್ರ ಹೇಳ್ತಿದ್ರು. ನಾನು ಬಗ್ಗಿ, "ಅಮ್ಮ, ಕ್ಷಮಿಸಿದೆ. ನೀವೂ ನನ್ನ ಕ್ಷಮಿಸಿ" ಅಂದೆ. ನನ್ನ ದನಿ ನಂಗೇ ಕೇಳಿಸಲಿಲ್ಲ. ಅವರು ಕಣ್ಣು ಬಿಟ್ಟು, "ಜೋರಾಗಿ ಹೇಳೋ, ಜಂಬ ಕೊಚ್ಚೋವಾಗ ಇರೋ ದನಿ ಈಗ ಎಲ್ಲೋಯ್ತು" ಅಂದ್ರು. ಸುಜಾತಕ್ಕ ಅಳ್ತಾ ಅಳ್ತಾ ನಕ್ಕುಬಿಟ್ರು, ಸಾರೂ ನಕ್ರು. ನಾನು ಜೋರಾಗಿ ಹೇಳ್ದೆ. ಕೆಳಗೆ ಶಾಪಿಗೂ ಕೇಳಿತಂತೆ.

ಮಾರನೇ ದಿನ ಬೆಳಿಗ್ಗೆ ಹೋದ್ರು. ನಾವು ಹೆಣ ಮಲಗಿಸ್ತೀವಿ, ಅವರು ಕೂರಿಸಿದ್ರು, ಅಲಂಕಾರ ಮಾಡಿದ ಮಂಟಪದಲ್ಲಿ, ಬದುಕಿರೋರಂಗೆ. ಜೈಕಾರ ಹಾಕ್ಕೊಂಡು ಹೊತ್ಕೊಂಡೋದ್ರು. ಒಂದು ಕಡೆ ಹೆಗಲು ನಾನು ಕೇಳಿದೆ, ಕೊಡ್ತಾರೋ ಇಲ್ವೋ ಅಂದ್ಕೊಂಡೇ ಕೇಳಿದ್ದು, ಕೊಟ್ರು. ಎಷ್ಟು ಹಗುರ ಅಂತೀರಾ. ತಗಡಿನ ಬಂಡಲ್ಲು ಹೊತ್ತ ಹೆಗಲು ಇದು, ಏನೂ ಗೊತ್ತಾಗಲಿಲ್ಲ. ರೋಡಲ್ಲಿ ಯಾರೂ ಅಳ್ತಿರಲಿಲ್ಲ. ವಾಪಸ್ ಬಂದು ನೋಡಿದ್ರೆ ಸುಜಾತಕ್ಕ ಅಡುಗೆಮನೇಲಿ ಒಬ್ರೇ ಕೂತು ಬಿಕ್ಕಿ ಬಿಕ್ಕಿ ಅಳ್ತಿದ್ರು, ಫಿಲೋಮಿನಕ್ಕ ಪಕ್ಕದಲ್ಲಿ ಕೂತಿದ್ಲು, ಯಾವ ಸಮಾಧಾನನೂ ಹೇಳ್ತಿರಲಿಲ್ಲ.

ಸರಿನಾ ತಪ್ಪಾ ಅಂತ ಕೇಳಬೇಡಿ, ರಹಮತ್ ಭಾಯಿ ಈಗಲೂ ತಪ್ಪು ಅಂತಾನೆ, ಸುಜಾತಕ್ಕ ಈಗಲೂ ಕೈ ಮುಗೀತಾರೆ, ನಂಗೆ ಇಬ್ರ ಮಾತೂ ಸರಿ ಅನ್ನಿಸುತ್ತೆ, ಒಂದೊಂದು ದಿನ ಯಾರದ್ದೂ ಸರಿ ಅನ್ನಿಸಲ್ಲ. ಯಾರಾದ್ರೂ ನಿಮ್ಮ ಕಣ್ಣ ಮುಂದೆ ಊಟ ಬೇಡ ಅಂದ್ರೆ, ಅವರ ದೇವ್ರು ಯಾರು ಅಂತ ಕೇಳ್ಕೊಂಡು ಕೂರಬೇಡಿ. ಹತ್ರ ಕೂತು ಯಾಕೆ ಅಂತ ಕೇಳಿ. ಹಸಿವಿದ್ದು ಬಿಟ್ಟಿದ್ರೆ, ಅದೂ ನಿಮ್ಮ ವಯಸ್ಸಿನೋರು ಬಿಟ್ಟಿದ್ರೆ, ಜಗಳ ಆಡಿ, ಬೈರಿ, ಕೈ ಹಿಡಿದು ತಿನ್ನಿಸಿ, ಬಿಡಲೇಬೇಡಿ. ಮುಗಿಸಿ ಎದ್ದೋರಾದ್ರೆ ದಾರಿ ಬಿಡಿ, ಆದ್ರೆ ಬಡಿಸಿದೋರ ಪಕ್ಕದಲ್ಲಿ ಹೋಗಿ ಸ್ವಲ್ಪ ಹೊತ್ತು ಕೂತ್ಕೊಳಿ.